ಸೈಕಲ್‌ಗೆ ನಂಬರ್ ಪ್ಲೇಟ್ ಬೇಡ, ಪೆಟ್ಟು ತಿಂದವರಿಗೆ ಪರಿಹಾರ ಬೇಕು

ಸಂಪಾದಕರಿಗೆ,

ಮಾನ್ಯರೇ,

ಸೈಕಲ್ ಸವಾರರೂ ನೋಂದಣಿ ಮಾಡಿಸಬೇಕು, ಅವರಿಗೂ ವಿಮೆ ಕಡ್ಡಾಯವಾಗಬೇಕು, ವೇಗಮಿತಿ ಇರಬೇಕು ಎಂಬ ಮಾತು ಆಗಾಗ ಏಳುತ್ತಲೇ ಇರುತ್ತದೆ. ಯಾವುದೋ ಸೈಕಲ್ ಯಾರಿಗೋ ಗುದ್ದಿದ ಸುದ್ದಿ ಬಂದರೆ ಸಾಕು, ಮರುದಿನ ಈ ಮೂರು ಬೇಡಿಕೆಗಳೂ ಒಟ್ಟಿಗೇ ಹೊರಡುತ್ತವೆ. 2022ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಅಂದಿನ ಸಾರಿಗೆ ಸಚಿವ ಗ್ರ್ಯಾಂಟ್ ಶ್ಯಾಪ್ಸ್ ಇದೇ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಗದ್ದಲವೆದ್ದ ಮೇಲೆ ನಂಬರ್ ಪ್ಲೇಟಿನ ಮಾತಿನಿಂದ ಬೇಗನೆ ಹಿಂದೆ ಸರಿದರು. ಹೀಗೆ ಮೂರನ್ನೂ ಗಂಟು ಕಟ್ಟುವುದಕ್ಕೇ ನನ್ನ ಮೊದಲ ತಕರಾರು. ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ನೋಂದಣಿ ಬೇಡ ಎನ್ನುತ್ತೇನೆ. ವಿಮೆ ಬೇಕು, ಆದರೆ ಈಗ ಕೇಳುತ್ತಿರುವ ರೀತಿಯಲ್ಲಿ ಬೇಡ. ವೇಗಮಿತಿ ಎಂದರೆ, ಎಲ್ಲಿ ಎಂದು ಕೇಳುತ್ತೇನೆ.

ಹೀಗೆ ಹೇಳಲು ನಾನು ಯಾರು ಎಂಬುದನ್ನೂ ತಿಳಿಸಬೇಕು. ವಿಮಾ ಸಂಸ್ಥೆಯೊಂದರ ಕ್ಲೇಮು ವಿಭಾಗದಲ್ಲಿ ವಾಹನ ಅಪಘಾತದ ಫೈಲುಗಳನ್ನು ನೋಡುತ್ತಲೇ ಕೂದಲು ಬೆಳ್ಳಗಾದವಳು ನಾನು. ಕಚೇರಿಗೆ ಸೈಕಲ್ ಮೇಲೆಯೇ ಹೋಗಿ ಬರುತ್ತಿದ್ದೆ, ನಿವೃತ್ತಳಾದ ಮೇಲೂ ಹೊರಗಿನ ಕೆಲಸಕ್ಕೆಲ್ಲ ಸೈಕಲ್ಲೇ. ಜೊತೆಗೆ, ನನ್ನ ಅಮ್ಮನನ್ನು ಕೆಡವಿದ್ದೂ ಒಂದು ಸೈಕಲ್ಲೇ. ಹಾಗಾಗಿ "ಸೈಕಲ್ ತಾಗಿದರೆ ಏನಾಗಿಬಿಡುತ್ತದೆ" ಎಂದು ಹಗುರವಾಗಿ ಮಾತಾಡುವ ಸವಾರರ ಪಕ್ಷ ನನ್ನದಲ್ಲ. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಂಬರ್ ಪ್ಲೇಟ್.

ನಂಬರ್ ಪ್ಲೇಟಿನ ಮುಖ್ಯ ಕೆಲಸ, ನಿಲ್ಲದೆ ಹೋದವರನ್ನು ಪತ್ತೆ ಮಾಡಲು ದಾರಿ ಕೊಡುವುದು. ಆ ಕೆಲಸ ನಡೆಯಬೇಕಾದರೆ ಪ್ಲೇಟಿನ ಹಿಂದೆ ಒಂದು ದಾಖಲೆ ಇರಬೇಕು, ದಾಖಲೆಯಲ್ಲಿರುವ ವಿಳಾಸ ಇವತ್ತಿನದಾಗಿರಬೇಕು, ವಾಹನ ಕೈ ಬದಲಾಯಿಸಿದಾಗಲೆಲ್ಲ ಹೆಸರೂ ಬದಲಾಗಬೇಕು. ಕಾರು ಮಾರಿದವರು ಇದನ್ನೆಲ್ಲ ಮಾಡಿಸುತ್ತಾರೆ. ಮಾಡಿಸದಿದ್ದರೆ ಮುಂದಿನ ದಂಡವೂ ಕೇಸೂ ತಮ್ಮ ತಲೆಗೇ ಬರುತ್ತವೆಂದು ಅವರಿಗೆ ಗೊತ್ತು. ಸೈಕಲ್ ಬದುಕುವ ರೀತಿಯೇ ಬೇರೆ. ಅಕ್ಕನ ಸೈಕಲ್ ತಮ್ಮನಿಗೆ ಬರುತ್ತದೆ, ತಮ್ಮನದು ಪಕ್ಕದ ಮನೆಯ ಮಗುವಿಗೆ ಹೋಗುತ್ತದೆ. ಸೀಟು ಏರಿಸಿ ಇಳಿಸಿ ಒಂದೇ ಸೈಕಲ್ಲನ್ನು ಮನೆಯ ನಾಲ್ಕೂ ಜನ ತುಳಿಯುತ್ತಾರೆ. ಪ್ಲೇಟ್ ನೋಡಿ ಸೈಕಲ್ ಯಾರದೆಂದು ತಿಳಿಯಬಹುದು, ಆ ಹೊತ್ತಿಗೆ ಅದರ ಮೇಲೆ ಕೂತಿದ್ದವರು ಯಾರೆಂದು ತಿಳಿಯುವುದಿಲ್ಲ. ಇನ್ನು ಅದನ್ನು ಕಟ್ಟುವುದೆಲ್ಲಿ? ದೂರದಿಂದ ಓದುವಷ್ಟು ದೊಡ್ಡದಾದರೆ ಸೈಕಲ್ಲಿಗೆ ಹೊರೆ, ಕ್ಯಾರಿಯರ್ ಮೇಲೊಂದು ಚೀಲ ಇಟ್ಟರೆ ಮುಚ್ಚಿಹೋಗುತ್ತದೆ. ಚಿಕ್ಕದಾದರೆ, ಗುದ್ದಿಸಿಕೊಂಡು ಕೆಳಗೆ ಬಿದ್ದವರು ಅದನ್ನು ಓದುವುದು ಹೇಗೆ?

ನನ್ನ ಮೇಜಿಗೆ ಬರುತ್ತಿದ್ದ ಮೋಟಾರು ಫೈಲುಗಳಲ್ಲಿ "ಅಪರಿಚಿತ ವಾಹನ" ಎಂಬ ಎರಡು ಪದ ಪದೇ ಪದೇ ಕಾಣಿಸುತ್ತಿದ್ದವು. ಲಾರಿಯೋ ಕಾರೋ ಬೈಕೋ ಗುದ್ದಿ ನಿಲ್ಲದೆ ಹೋಗಿರುತ್ತಿತ್ತು. ನಂಬರ್ ಪ್ಲೇಟ್ ಕಡ್ಡಾಯವಾಗಿರುವ ವಾಹನಗಳೇ ಅವೆಲ್ಲ. ಕತ್ತಲಿತ್ತು, ಗಾಬರಿಯಿತ್ತು, ನೋಡಿದವರಿರಲಿಲ್ಲ. ಮೋಟಾರು ವಾಹನಗಳಿಗೆ ಪ್ಲೇಟ್ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ, ಖಂಡಿತ ಇರಲೇಬೇಕು. ಪ್ಲೇಟ್ ಇದ್ದ ಮಾತ್ರಕ್ಕೆ ಜನ ನಿಲ್ಲುತ್ತಾರೆಂದು ನಂಬಿ, ಅದನ್ನು ಪ್ರತಿ ಸೈಕಲ್ಲಿಗೂ ಕಟ್ಟಿಸಲು ಹೊರಟವರು ಆ ಫೈಲುಗಳನ್ನು ಒಮ್ಮೆ ನೋಡಬೇಕಿತ್ತು ಎನ್ನುತ್ತಿದ್ದೇನೆ.

ಇದು ಯಾರೂ ಮಾಡಿ ನೋಡದ ಕೆಲಸವೂ ಅಲ್ಲ. ಕೆನಡಾದ ಟೊರೊಂಟೊ ನಗರದಲ್ಲಿ 1935ರಿಂದ 1957ರವರೆಗೆ ಸೈಕಲ್‌ಗೆ ಲೈಸೆನ್ಸ್ ಇತ್ತು. ಅದನ್ನು ಕೈಬಿಡುವಾಗ ನಗರಾಡಳಿತ ಕೊಟ್ಟ ಕಾರಣವನ್ನು ನೆನೆದಾಗಲೆಲ್ಲ ನನಗೆ ಆಡಳಿತದ ಮೇಲೆ ಗೌರವ ಮೂಡುತ್ತದೆ. ಮಕ್ಕಳು ಎಳೆಯ ವಯಸ್ಸಿನಲ್ಲೇ, ತಮಗೆ ಗೊತ್ತೇ ಆಗದೆ, ಕಾನೂನು ಮುರಿದವರಾಗುತ್ತಿದ್ದಾರೆ. ಪೊಲೀಸರಿಗೂ ಮಕ್ಕಳಿಗೂ ನಡುವಿನ ಸಂಬಂಧ ಕೆಡುತ್ತಿದೆ ಎಂಬುದು ಆ ಕಾರಣ. ಲೈಸೆನ್ಸ್ ಇಲ್ಲದ ಸೈಕಲ್ಲೆಂದು ತಡೆದು ನಿಲ್ಲಿಸಿದರೆ ಸಿಕ್ಕಿಬೀಳುತ್ತಿದ್ದವರು ಆಟಕ್ಕೆ ಹೊರಟ ಮಕ್ಕಳು.

ನೆದರ್ಲೆಂಡ್ಸ್‌ನಲ್ಲಿ 1924ರಿಂದ 1941ರವರೆಗೆ ಸೈಕಲ್ ತೆರಿಗೆ ಇತ್ತು. ಕಟ್ಟಿದವರಿಗೆ ಲೋಹದ ಬಿಲ್ಲೆ ಕೊಡುತ್ತಿದ್ದರು. ಕಟ್ಟಲಾಗದ ಬಡವರಿಗೆ ಬಿಟ್ಟಿ ಬಿಲ್ಲೆ, ಆದರೆ ಅದರಲ್ಲೊಂದು ತೂತು. ತೂತಿನ ಬಿಲ್ಲೆ ಕಂಡರೆ ಸಾಕು, ಸವಾರ ಬಡವನೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಸೈಕಲ್ಲಿಗೆ ಶುಲ್ಕ ಹಾಕಬೇಕೆನ್ನುವವರು ಈ ತೂತನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಬೇಕು. ಬೇರೆ ವಾಹನ ಕೊಳ್ಳಲು ಶಕ್ತಿಯಿಲ್ಲದೆ ಸೈಕಲ್ ತುಳಿಯುವವರು ಲೋಕದ ತುಂಬ ಇದ್ದಾರೆ. ಅವರಿಗೆ ವಿನಾಯಿತಿ ಕೊಡದಿದ್ದರೆ ಅನ್ಯಾಯ, ಕೊಟ್ಟರೆ ಅದನ್ನು ಯಾವುದಾದರೊಂದು ಗುರುತಿನಿಂದ ತೋರಿಸಲೇಬೇಕಾಗುತ್ತದೆ.

ಜಪಾನಿನಲ್ಲಿ ಇಂದಿಗೂ ಸೈಕಲ್ ನೋಂದಣಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಸೈಕಲ್ ಕೊಂಡ ಅಂಗಡಿಯಲ್ಲೇ ಹೆಸರು ಬರೆಸಿ, ಫ್ರೇಮಿಗೊಂದು ಪುಟ್ಟ ಸ್ಟಿಕ್ಕರ್ ಅಂಟಿಸುತ್ತಾರೆ. ಅದರ ಉದ್ದೇಶ ಕಳವು ತಡೆಯುವುದು, ಕಳೆದ ಸೈಕಲ್ ಸಿಕ್ಕಿದಾಗ ಮಾಲೀಕರಿಗೆ ಮುಟ್ಟಿಸುವುದು. ಕಳುವಿಗಾಗಿ ಇಂಥದೊಂದು ಪಟ್ಟಿ ಇದ್ದರೆ ನನ್ನದೇನೂ ವಿರೋಧವಿಲ್ಲ, ನನ್ನ ಸೈಕಲ್ಲನ್ನೂ ಸಂತೋಷವಾಗಿ ಬರೆಸುತ್ತೇನೆ. ಆದರೆ ಆ ಸ್ಟಿಕ್ಕರನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ಯಾರೂ ಓದಲಾರರು.

ಈಗ ಅಮ್ಮನ ವಿಷಯ.

ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ನಡೆಯುವವರೂ ಸೈಕಲ್ಲಿನವರೂ ಒಟ್ಟಿಗೆ ಬಳಸುವ ದಾರಿಯೊಂದರಲ್ಲಿ ಸಂಜೆ ನಡೆದು ಬರುತ್ತಿದ್ದರು. ಹಿಂದಿನಿಂದ ಇಳಿಜಾರಿನಲ್ಲಿ ಬಂದ ಹುಡುಗನ ಸೈಕಲ್ ಅವರ ಎಡಗೈಗೆ ತಾಗಿತು. ತಾಗಿದ್ದು ಹ್ಯಾಂಡಲ್ಲಿನ ತುದಿ ಅಷ್ಟೆ. ಅವರು ತಿರುಗಿಕೊಂಡು ಪಕ್ಕಕ್ಕೆ ಬಿದ್ದರು, ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿಯಿತು. ವಯಸ್ಸಾದವರಿಗೆ ಆ ಜಾಗದ ಮೂಳೆ ಮುರಿದರೆ ಸುಮಾರು ಐವರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಅಮ್ಮ ಉಳಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಕೃತಕ ಕೀಲು ಬಂತು, ವಾಕರ್ ಹಿಡಿದು ಮತ್ತೆ ನಡೆಯುವುದನ್ನು ಕಲಿತರು. ಒಬ್ಬರೇ ಹೊರಗೆ ಹೋಗುವುದು ಮಾತ್ರ ಅವತ್ತಿಗೇ ನಿಂತುಹೋಯಿತು.

ಆ ಹುಡುಗ ಓಡಿಹೋಗಲಿಲ್ಲ. ಸೈಕಲ್ ಬಿಸಾಡಿ ಬಂದು ಅಮ್ಮನ ಪಕ್ಕ ಕೂತ, ಜನರನ್ನು ಕೂಗಿದ, ಅಳುತ್ತಲೇ ತನ್ನ ಹೆಸರು, ಅಪ್ಪನ ಹೆಸರು, ಮನೆ ಎಲ್ಲ ಹೇಳಿದ. ಅವನ ತಂದೆ ಅದೇ ರಾತ್ರಿ ಆಸ್ಪತ್ರೆಗೆ ಬಂದು ಕೈಮುಗಿದು ನಿಂತರು. ದಿನಗೂಲಿಯವರು. "ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟು ತೀರಿಸುತ್ತೇನೆ ತಾಯಿ" ಅಂದರು. ಅಮ್ಮ ಮಲಗಿದಲ್ಲಿಂದಲೇ ಬೇಡವೆಂದು ತಲೆಯಾಡಿಸಿದರು. ನಮಗೆ ಹೇಗೋ ನಿಭಾಯಿಸುವ ಶಕ್ತಿಯಿತ್ತು, ನಿಭಾಯಿಸಿದೆವು.

ಬೇರೆಯವರ ಕ್ಲೇಮುಗಳನ್ನು ಪರಿಶೀಲಿಸಿ ಸಹಿ ಹಾಕುತ್ತಿದ್ದ ನನಗೆ, ನನ್ನ ಅಮ್ಮನಿಗಾಗಿ ತುಂಬಲು ಒಂದು ಅರ್ಜಿ ಇರಲಿಲ್ಲ. ಗುದ್ದಿದ್ದು ಸ್ಕೂಟರ್ ಆಗಿದ್ದರೆ ಥರ್ಡ್ ಪಾರ್ಟಿ ವಿಮೆ ಇರುತ್ತಿತ್ತು, ಚಿಕಿತ್ಸೆಯ ಖರ್ಚು, ನೋವಿನ ಪರಿಹಾರ, ಮುಂದಿನ ಆರೈಕೆಯ ಖರ್ಚು ಎಲ್ಲವನ್ನೂ ಕೇಳಲು ದಾರಿಯಿರುತ್ತಿತ್ತು. ಈಗ ಹೇಳಿ, ಆ ಸೈಕಲ್ಲಿಗೆ ನಂಬರ್ ಪ್ಲೇಟ್ ಇದ್ದಿದ್ದರೆ ಏನು ಬದಲಾಗುತ್ತಿತ್ತು? ಹುಡುಗನ ಹೆಸರು ನಮಗೆ ಗೊತ್ತಿತ್ತು, ಮನೆ ಗೊತ್ತಿತ್ತು, ತಪ್ಪು ಯಾರದೆಂಬ ಬಗ್ಗೆ ತಕರಾರೇ ಇರಲಿಲ್ಲ. ಇಲ್ಲದಿದ್ದುದು ದುಡ್ಡು. ಕೋರ್ಟಿಗೆ ಹೋಗಿ ಗೆದ್ದಿದ್ದರೂ ಆ ಮನುಷ್ಯನ ಕೂಲಿಯಿಂದ ಎಷ್ಟು ವಸೂಲಿಯಾಗುತ್ತಿತ್ತು?

ಮೋಟಾರು ವಿಮೆ ಕಡ್ಡಾಯವಾದದ್ದೂ ಇದೇ ಕಾರಣಕ್ಕೆ. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದಾಗ ಕಣ್ಣಮುಂದಿದ್ದ ತೊಂದರೆ, ಗಾಯಗೊಂಡವರು ಕೋರ್ಟಿನಲ್ಲಿ ಗೆದ್ದರೂ ಚಾಲಕನ ಜೇಬು ಬರಿದಾಗಿರುತ್ತಿತ್ತು ಎಂಬುದು. ಆದ್ದರಿಂದ ವಿಮೆಯ ಬೇಡಿಕೆಯನ್ನು ಸೈಕಲ್ ದ್ವೇಷ ಎಂದು ತಳ್ಳಿಹಾಕುವ ಸವಾರ ಗೆಳೆಯರ ಮಾತು ನನಗೆ ಒಪ್ಪಿಗೆಯಿಲ್ಲ. ನನ್ನ ಅಮ್ಮನ ಹಾಗೆ ಬಿದ್ದವರಿಗೆ ಅವರು ಕೊಡುವ ಉತ್ತರವೇನು?

ಜಪಾನಿನ ಕೋಬೆ ಜಿಲ್ಲಾ ನ್ಯಾಯಾಲಯ 2013ರಲ್ಲಿ ಕೊಟ್ಟ ತೀರ್ಪೊಂದು ವಿಮಾ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತು. 2008ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ರಾತ್ರಿ ಹೊತ್ತು ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದು, ನಡೆದು ಬರುತ್ತಿದ್ದ ಅರವತ್ತು ದಾಟಿದ ಹೆಂಗಸಿಗೆ ಗುದ್ದಿದ. ಆಕೆಗೆ ಪ್ರಜ್ಞೆ ಮರಳಲಿಲ್ಲ. ಹುಡುಗನ ತಾಯಿ ಸುಮಾರು 9.5 ಕೋಟಿ ಯೆನ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಇದರಲ್ಲಿ ಎರಡು ಸಂಸಾರಗಳ ದುಃಖವಿದೆ. ಹಾಸಿಗೆ ಹಿಡಿದವರಿಗೆ ಹಣ ಸಿಗಬೇಕು. ಕೊಡಬೇಕಾದ ತಾಯಿ ಜೀವಮಾನವಿಡೀ ದುಡಿದರೂ ಅದು ತೀರುವ ಮೊತ್ತವಲ್ಲ. 2015ರ ಅಕ್ಟೋಬರ್‌ನಲ್ಲಿ, ಕೋಬೆ ಇರುವ ಹ್ಯೋಗೊ ಪ್ರಾಂತ್ಯವೇ ಮೊದಲಾಗಿ ಸೈಕಲ್ ಸವಾರರಿಗೆ ಹೊಣೆಗಾರಿಕೆ ವಿಮೆಯನ್ನು, ಅಂದರೆ ತಮ್ಮಿಂದ ಬೇರೆಯವರಿಗಾದ ಹಾನಿಯ ಪರಿಹಾರ ಭರಿಸುವ ವಿಮೆಯನ್ನು, ಕಡ್ಡಾಯ ಮಾಡಿತು. ಆಮೇಲೆ ಟೋಕಿಯೋ ಸೇರಿ ಹಲವು ಪ್ರಾಂತ್ಯಗಳು ಅದೇ ದಾರಿ ಹಿಡಿದವು. ಈ ವಿಮೆಯನ್ನು ಬೇರೆಯಾಗಿಯೇ ಕೊಳ್ಳಬೇಕೆಂದಿಲ್ಲ. ಮನೆಯ ಅಥವಾ ಕಾರಿನ ಪಾಲಿಸಿಗೆ ವೈಯಕ್ತಿಕ ಹೊಣೆಗಾರಿಕೆಯ ಹೆಚ್ಚುವರಿ ರಕ್ಷಣೆಯನ್ನು ಸೇರಿಸಿಕೊಂಡರೂ ನಡೆಯುತ್ತದೆ, ಮನೆಯವರೆಲ್ಲರೂ ಅದರೊಳಗೆ ಬರುತ್ತಾರೆ.

ನನ್ನ ಮುಖ್ಯ ಮಾತು ಇದೇ. ವಿಮೆ ಇರಬೇಕಾದ್ದು ಮನುಷ್ಯರ ಮೇಲೆ, ಕುಟುಂಬದ ಮೇಲೆ. ಸೈಕಲ್ಲಿನ ಮೇಲೆ ವಿಮೆ ಕಟ್ಟಿಸಿದರೆ ಮತ್ತೆ ನೋಂದಣಿ, ಪ್ಲೇಟ್, ವರ್ಗಾವಣೆ, ತಪಾಸಣೆ ಎಲ್ಲವೂ ಹಿಂಬಾಲಿಸುತ್ತವೆ. ಪ್ರೀಮಿಯಂ ಲೆಕ್ಕ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪ್ರೀಮಿಯಂನ ಒಂದು ಭಾಗ ಕ್ಲೇಮಿಗೆ, ಇನ್ನೊಂದು ಭಾಗ ಪಾಲಿಸಿ ಬರೆಯುವ, ನವೀಕರಿಸುವ, ದಾಖಲೆ ಕಾಯುವ ಖರ್ಚಿಗೆ. ಸೈಕಲ್ಲಿನಿಂದ ಮೂರನೆಯವರಿಗೆ ದೊಡ್ಡ ಪೆಟ್ಟಾಗುವುದು ಅಪರೂಪ, ಹಾಗಾಗಿ ಕ್ಲೇಮಿನ ಭಾಗ ಸಣ್ಣದು. ಖರ್ಚಿನ ಭಾಗ ಮಾತ್ರ ಸೈಕಲ್ಲೆಂದು ಕಡಿಮೆಯಾಗುವುದಿಲ್ಲ. ಸವಾರ ಕಟ್ಟಿದ ಹಣದ ದೊಡ್ಡ ಪಾಲು ಗಾಯಾಳುವನ್ನು ಮುಟ್ಟದೆ ಕಚೇರಿಯಲ್ಲೇ ಕರಗುತ್ತದೆ. ಕುಟುಂಬದ ಪಾಲಿಸಿಗೆ ಸೇರಿಸಿದರೆ ಬೇರೆ ದಾಖಲೆಯೇ ಬೇಡ. ಯಾವ ಸೈಕಲ್ ತುಳಿದರೂ, ಬಾಡಿಗೆಯದಾದರೂ, ಗೆಳೆಯನದಾದರೂ ರಕ್ಷಣೆ ಇರುತ್ತದೆ.

ಸ್ವಿಟ್ಜರ್ಲೆಂಡ್ ಈ ಎರಡೂ ದಾರಿಗಳಲ್ಲಿ ನಡೆದು ನೋಡಿದ ದೇಶ. ಅಲ್ಲಿ ಪ್ರತಿ ಸೈಕಲ್ಲಿಗೂ ವರ್ಷ ವರ್ಷ ಹೊಸ ಸ್ಟಿಕ್ಕರ್ ಅಂಟಿಸಬೇಕಿತ್ತು, ಅದರ ಬೆಲೆಯಲ್ಲೇ ಹೊಣೆಗಾರಿಕೆ ವಿಮೆ ಸೇರಿತ್ತು. ಜಗತ್ತಿನ ಅತಿ ಶಿಸ್ತಿನ ಆಡಳಿತಗಳಲ್ಲೊಂದು ಅದನ್ನು ನಡೆಸುತ್ತಿತ್ತು. ಬಹುಪಾಲು ಜನರಿಗೆ ಖಾಸಗಿ ಹೊಣೆಗಾರಿಕೆ ವಿಮೆ ಹೇಗೂ ಇದೆ, ಸ್ಟಿಕ್ಕರ್ ನಡೆಸುವ ಶ್ರಮಕ್ಕೆ ತಕ್ಕ ಪ್ರಯೋಜನವಿಲ್ಲ ಎಂದು ಕಂಡುಕೊಂಡು 2012ರ ಜನವರಿಯಿಂದ ಕೈಬಿಟ್ಟರು. ಕೈಬಿಡುವಾಗ ಗಾಯಾಳುವನ್ನು ಮರೆಯಲಿಲ್ಲ ಎನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಗುದ್ದಿದ ಸೈಕಲ್ ಸವಾರ ಪತ್ತೆಯಾಗದಿದ್ದರೆ, ಅಥವಾ ಅವನಿಗೆ ವಿಮೆಯೇ ಇಲ್ಲದಿದ್ದರೆ, ರಾಷ್ಟ್ರೀಯ ಖಾತರಿ ನಿಧಿಯಿಂದ ಪರಿಹಾರ ಕೇಳಲು ಅವಕಾಶವಿದೆ. ಓಡಿಹೋದವನ ಪ್ರಶ್ನೆಗೂ ಇಲ್ಲಿ ಉತ್ತರವಿದೆ ನೋಡಿ. ಅವನನ್ನು ಪೊಲೀಸರು ಹುಡುಕಲಿ, ಶಿಕ್ಷೆಯಾಗಲಿ. ಮೂಳೆ ಮುರಿದುಕೊಂಡವರು ಅವನು ಸಿಗುವ ತನಕ ಕಾಯಬೇಕಾಗಿಲ್ಲ.

ಇಂಥದೊಂದು ನಿಧಿ, ಕುಟುಂಬದ ಆರೋಗ್ಯ ವಿಮೆಗೋ ಶಾಲೆಯ ಗುಂಪು ವಿಮೆಗೋ ತಾನಾಗಿ ಸೇರಿಕೊಳ್ಳುವ ಹೊಣೆಗಾರಿಕೆ ರಕ್ಷಣೆ, ಇವೆರಡನ್ನು ನಾನು ಕೇಳುತ್ತೇನೆ. ಕಡ್ಡಾಯವೆಂಬ ಪದವನ್ನು ಒಂದೇ ಕಡೆ ಬಳಸುತ್ತೇನೆ: ಸವಾರರನ್ನು ದುಡಿಸಿಕೊಳ್ಳುವ ಡೆಲಿವರಿ ಕಂಪನಿಗಳಿಗೆ. ಇಷ್ಟು ನಿಮಿಷದೊಳಗೆ ಮುಟ್ಟಿಸು ಎಂದು ಆತುರಪಡಿಸಿ ಲಾಭ ಮಾಡುವವರು, ಆ ಆತುರದಿಂದಾಗುವ ಗಾಯದ ಹೊಣೆಯನ್ನೂ ಹೊರಬೇಕು. ಪ್ರೀಮಿಯಂ ಅವರೇ ಕಟ್ಟಲಿ, ಸವಾರನ ದುಡಿಮೆಯಿಂದ ಕಡಿದುಕೊಳ್ಳದಿರಲಿ.

ಎಲ್ಲ ಸವಾರರಿಗೂ ದಂಡ ಹಾಕಿ ಕಡ್ಡಾಯ ಮಾಡಿದರೇನು ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನನ್ನ ಅಂಜಿಕೆ ಇಷ್ಟು. ಕಾಗದಪತ್ರ ಹೆಚ್ಚಿದಷ್ಟೂ ಅಪರೂಪಕ್ಕೆ ಸೈಕಲ್ ತೆಗೆಯುವವರು ಅದನ್ನು ಮೂಲೆಗೆ ನಿಲ್ಲಿಸುತ್ತಾರೆ. ರಸ್ತೆಯಲ್ಲಿ ಸೈಕಲ್ ಕಡಿಮೆಯಾದರೆ ಉಳಿದವರ ಅಪಾಯ ಏರುತ್ತದೆ. 2003ರಲ್ಲಿ ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು ಹಲವು ನಗರ, ದೇಶಗಳ ಅಂಕಿಗಳನ್ನು ಇಟ್ಟು ಇದನ್ನು ತೋರಿಸಿದ್ದಾರೆ. ನಡೆಯುವವರ, ಸೈಕಲ್ ತುಳಿಯುವವರ ಸಂಖ್ಯೆ ಇಮ್ಮಡಿಯಾದರೆ ಒಬ್ಬೊಬ್ಬರ ಅಪಾಯ ಮೂರನೇ ಒಂದರಷ್ಟು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಸೈಕಲ್‌ಗಳನ್ನು ದಿನವೂ ನೋಡಿ ರೂಢಿಯಾದ ಚಾಲಕರು ತಿರುವಿನಲ್ಲಿ ಅವುಗಳಿಗಾಗಿ ಕಣ್ಣಾಡಿಸುತ್ತಾರೆ.

ಮೂರನೆಯದು ವೇಗ. ಅಮ್ಮನಿಗೆ ಗುದ್ದಿದ ಸೈಕಲ್ ಗಂಟೆಗೆ ಹದಿನೈದೋ ಇಪ್ಪತ್ತೋ ಕಿಲೋಮೀಟರ್ ವೇಗದಲ್ಲಿತ್ತು ಎಂದಿಟ್ಟುಕೊಳ್ಳಿ. ಯಾವ ರಸ್ತೆಯ ವೇಗಮಿತಿ ಅದನ್ನು ತಡೆಯುತ್ತಿತ್ತು? ಮೂವತ್ತರ ಮಿತಿ ಇದ್ದರೂ ಹುಡುಗ ಕಾನೂನಿನೊಳಗೇ ಇದ್ದ. ಆದರೆ ವಯಸ್ಸಾದವರ ಬೆನ್ನ ಹಿಂದೆ, ಇಕ್ಕಟ್ಟಾದ ದಾರಿಯಲ್ಲಿ, ಆ ವೇಗ ಖಂಡಿತ ಹೆಚ್ಚು. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಬೆಲ್ ಹೊಡೆದು, ನಡೆಯುವವರು ಕೇಳಿಸಿಕೊಂಡು, ತಿರುಗಿ ನೋಡುವಷ್ಟರಲ್ಲಿ ಸೈಕಲ್ ಮೈಮೇಲೆ ಬಂದಿರುತ್ತದೆ.

ಜರ್ಮನಿಯ ಸಂಚಾರ ನಿಯಮ ಈ ವಿಷಯದಲ್ಲಿ ನನಗೆ ಹಿಡಿಸುತ್ತದೆ. ಊರೊಳಗಿನ 50 ಕಿಲೋಮೀಟರ್ ಮಿತಿಯನ್ನು ಅಲ್ಲಿ ಮೋಟಾರು ವಾಹನಗಳಿಗೆಂದೇ ಬರೆದಿದ್ದಾರೆ. ಆದರೆ 30 ಎಂದು ಬೋರ್ಡು ನೆಟ್ಟಿರುವಲ್ಲಿ ಸೈಕಲ್ಲಿನವರೂ ಅದನ್ನು ಪಾಲಿಸಬೇಕು. ನಡೆಯುವವರಿಗಾಗಿ ಮೀಸಲಾದ ಬೀದಿಗೆ ಸೈಕಲ್ ಬಿಟ್ಟಿದ್ದರೆ, ನಡಿಗೆಯ ವೇಗದಲ್ಲಷ್ಟೇ ಹೋಗಬೇಕು. ನಡಿಗೆಯ ವೇಗ ಎಂದಾಗ ಸ್ಪೀಡೋಮೀಟರ್ ಬೇಕಿಲ್ಲ, ಪಕ್ಕದಲ್ಲಿ ನಡೆಯುವವರೇ ಅಳತೆ. ಸೈಕಲ್ಲಿಗೆ ಸ್ಪೀಡೋಮೀಟರ್ ಇರುವುದಿಲ್ಲ, ಕಡ್ಡಾಯ ಮಾಡಿ ಕೂರಿಸಿದರೂ ಅದರ ನಿಖರತೆಯನ್ನು ತಪಾಸಣೆ ಮಾಡುವವರಾರು? ನನ್ನ ಬೇಡಿಕೆ ಇಷ್ಟೇ: ಜನರ ನಡುವೆ ಹೋಗುವಾಗ ನಡಿಗೆಯ ವೇಗ, ಮೀರಿದರೆ ದಂಡ. ಇಳಿಜಾರಿನಲ್ಲಿ ಗುಂಪು ಕಟ್ಟಿಕೊಂಡು ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿ ಇಳಿಯುವ ಸವಾರರಿಗೆ ಬೋರ್ಡಿನ ಮಿತಿ ಅನ್ವಯವಾಗಲಿ, ಅದಕ್ಕೂ ನನ್ನ ಒಪ್ಪಿಗೆಯಿದೆ.

ಅಜಾಗರೂಕತೆಯಿಂದ ಪ್ರಾಣ ತೆಗೆದ ಸವಾರನಿಗೆ ತಕ್ಕ ಶಿಕ್ಷೆಯಿಲ್ಲ ಎಂಬ ದೂರಿನಲ್ಲೂ ನ್ಯಾಯವಿದೆ. ಬ್ರಿಟನ್ನಿನಲ್ಲಿ ಇಂಥ ಸವಾರರ ಮೇಲೆ ಕುದುರೆಗಾಡಿಯ ಕಾಲದ, 1861ರ ಕಾಯ್ದೆಯ ಕಲಮಿನಡಿ ಆರೋಪ ಹೊರಿಸಬೇಕಾಗಿ ಬಂತು. ಅದರಲ್ಲಿ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. ಅಪಾಯಕಾರಿ ಸವಾರಿಯನ್ನು ಅಪರಾಧವೆಂದು ಸ್ಪಷ್ಟವಾಗಿ ಬರೆಯಲಿ. ಅದನ್ನು ಬರೆಯಲು ನಂಬರ್ ಪ್ಲೇಟ್ ಬೇಕಾಗಿಲ್ಲ.

ಕಾರಿಗೊಂದು ನ್ಯಾಯ, ಸೈಕಲ್ಲಿಗೊಂದು ನ್ಯಾಯ ಏಕೆ ಎನ್ನುವವರಿಗೆ ಒಂದು ಲೆಕ್ಕ. ಸವಾರ ಸೇರಿ 90 ಕಿಲೋ ತೂಗುವ ಸೈಕಲ್ 20 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,400 ಜೂಲ್. 1,500 ಕಿಲೋ ತೂಗುವ ಕಾರು 50 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 1,45,000 ಜೂಲ್. ನೂರು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ರಸ್ತೆಯಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ 100ಕ್ಕೆ 23 ಜನ ನಡೆಯುವವರು, 6 ಜನ ಸೈಕಲ್ ಸವಾರರು. ಇವರಿಬ್ಬರೂ ಸಾಯುವುದು ಹೆಚ್ಚಾಗಿ ಮೋಟಾರು ವಾಹನಗಳಿಂದ. ಹೊರಿಸುವ ಹೊಣೆ ಉಂಟುಮಾಡುವ ಅಪಾಯಕ್ಕೆ ತಕ್ಕಂತಿದ್ದರೆ ಅದೇ ಸಮಾನ ನ್ಯಾಯ. ಸೈಕಲ್ಲಿನವರು ರಸ್ತೆ ತೆರಿಗೆ ಕಟ್ಟುವುದಿಲ್ಲ ಎಂಬ ಮಾತಿಗೂ ಇದೇ ಉತ್ತರ: ರಸ್ತೆಯ ಸವೆತ ಗಾಲಿಗಳ ಮೇಲಿನ ಭಾರದ ನಾಲ್ಕನೆಯ ಘಾತದಷ್ಟು (ಭಾರ ಇಮ್ಮಡಿಯಾದರೆ ಸವೆತ ಹದಿನಾರು ಪಟ್ಟು) ಏರುತ್ತದೆಂದು ಎಂಜಿನಿಯರುಗಳು ಬಹಳ ಹಿಂದೆಯೇ ಅಂದಾಜು ಮಾಡಿದ್ದಾರೆ. ಆ ಲೆಕ್ಕದಲ್ಲಿ ಸೈಕಲ್ಲಿನ ಪಾಲು ಇಲ್ಲವೆಂದರೂ ನಡೆಯುತ್ತದೆ.

ಇದೇ ಲೆಕ್ಕವನ್ನು ಎಲೆಕ್ಟ್ರಿಕ್ ಸೈಕಲ್‌ಗಳ ಕಡೆ ತಿರುಗಿಸಿದರೆ ನನ್ನ ಉತ್ತರ ಬದಲಾಗುತ್ತದೆ. ಸವಾರ ಸೇರಿ 120 ಕಿಲೋ ತೂಗುವ ಗಾಡಿ 45 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಹೊಡೆತ ನನ್ನ ಸೈಕಲ್ಲಿಗಿಂತ ಆರು ಪಟ್ಟಿಗೂ ಹೆಚ್ಚು. ಪೆಡಲ್ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸೈಕಲ್ ಎಂದು ಬಿಟ್ಟುಬಿಡುವುದು ನಡೆಯುವವರಿಗೆ ಮಾಡುವ ಮೋಸ. ಐರೋಪ್ಯ ಒಕ್ಕೂಟದಲ್ಲಿ 250 ವಾಟ್ ಮೋಟಾರು, ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದಾಗ ನಿಲ್ಲುವ ಮೋಟಾರಿನ ನೆರವು, ಅಷ್ಟರವರೆಗೆ ಸೈಕಲ್. ಅದಕ್ಕಿಂತ ಮೇಲಿನದು ಮೋಟಾರು ವಾಹನ. 2017ರಿಂದ ನೆದರ್ಲೆಂಡ್ಸ್‌ನಲ್ಲಿ 45 ಕಿಲೋಮೀಟರ್ ವೇಗದ ಎಲೆಕ್ಟ್ರಿಕ್ ಸೈಕಲ್‌ಗಳಿಗೆ ಮೊಪೆಡ್‌ಗಿರುವ ನಿಯಮಗಳೇ ಅನ್ವಯ: ಹಳದಿ ಪ್ಲೇಟ್, ವಿಮೆ, ಹೆಲ್ಮೆಟ್, ಲೈಸೆನ್ಸ್. ಈ ಗೆರೆಯನ್ನು ನಾನು ಒಪ್ಪುತ್ತೇನೆ. ಗೆರೆಯೊಳಗಿನ ಗಾಡಿಯನ್ನು ಕೊಂಡು, ಅಂಗಡಿಯಲ್ಲಿ ಅದರ ವೇಗದ ಕಡಿವಾಣ ಬಿಚ್ಚಿಸಿ ಓಡಿಸುವವರನ್ನು ಹಿಡಿಯಬೇಕು, ಬಿಚ್ಚಿಕೊಟ್ಟ ಅಂಗಡಿಯವರನ್ನೂ ಹಿಡಿಯಬೇಕು. ಸೈಕಲ್ ನೋಂದಣಿಗೆ ಖರ್ಚಾಗುವ ಸಿಬ್ಬಂದಿಯನ್ನು ಇದಕ್ಕೆ ಹಾಕಿದರೆ ಫುಟ್‌ಪಾತಿನಲ್ಲಿ ನಡೆಯುವ ಮುದುಕರು ಹರಸುತ್ತಾರೆ.

ನನ್ನಂತೆ ಸೈಕಲ್ ತುಳಿಯುವವರಿಗೂ ಹೇಳುವುದಿದೆ. ಬ್ರೇಕಿನ ರಬ್ಬರ್ ಸವೆದಿದ್ದರೆ ಇಂದೇ ಬದಲಾಯಿಸಿ, ಆ ಹುಡುಗನ ಸೈಕಲ್ಲಿನಲ್ಲಿ ರಬ್ಬರ್ ಸವೆದು ಲೋಹ ಕಾಣುತ್ತಿತ್ತು. ಮಳೆಯಲ್ಲಿ ರಿಮ್ ಒದ್ದೆಯಾದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮೊದಲೇ ನಿಧಾನಿಸಿ. ರಾತ್ರಿ ಹಿಂದೆ ಮುಂದೆ ದೀಪವಿಲ್ಲದೆ ಹೊರಡಬೇಡಿ. ಫುಟ್‌ಪಾತ್ ನಮ್ಮದಲ್ಲ, ಏರಲೇಬೇಕಾದರೆ ಇಳಿದು ತಳ್ಳಿಕೊಂಡು ಹೋಗೋಣ. ಕೆಂಪು ದೀಪ ನಮಗೂ ಕೆಂಪೇ. ಇವುಗಳಲ್ಲಿ ಹೆಚ್ಚಿನವು ಬಹುತೇಕ ದೇಶಗಳಲ್ಲಿ ಈಗಾಗಲೇ ಕಾನೂನಿನಲ್ಲಿವೆ. ಇರುವ ಕಾನೂನನ್ನು ಮೀರಿದ ಸವಾರನನ್ನು ನಿಲ್ಲಿಸಿ ದಂಡ ಹಾಕಿದರೆ ನಾನು ಅವನ ಪರ ಒಂದು ಮಾತೂ ಆಡುವುದಿಲ್ಲ.

ಕೊನೆಯದಾಗಿ ತಮ್ಮ ಪತ್ರಿಕೆಗೇ ಒಂದು ವಿನಂತಿ. ಸೈಕಲ್ ಗುದ್ದಿ ಯಾರಿಗಾದರೂ ಗಾಯವಾದ ಸುದ್ದಿ ಬಂದಾಗ ಸವಾರನ ವೇಗ, ವಯಸ್ಸು ಬರೆದು ನಿಲ್ಲಿಸಬೇಡಿ. ಕೆಲವು ತಿಂಗಳು ಕಳೆದ ಮೇಲೆ ವರದಿಗಾರರನ್ನು ಮತ್ತೆ ಆ ಮನೆಗೆ ಕಳಿಸಿ. ಚಿಕಿತ್ಸೆಗೆ ಎಷ್ಟು ಖರ್ಚಾಯಿತು, ಆ ಹಣ ಎಲ್ಲಿಂದ ಬಂತು, ಗುದ್ದಿದವರ ಹೆಸರು ಗೊತ್ತಿದ್ದೂ ಪರಿಹಾರ ಸಿಗಲಿಲ್ಲವೇ ಎಂದು ಕೇಳಿ ಬರೆಯಿರಿ. ಶಾಸನ ಮಾಡುವವರ ಕಣ್ಣಿಗೆ ಇಂಥ ಹತ್ತು ವರದಿಗಳು ಬಿದ್ದರೆ, ಅವರು ಕೈಗೆತ್ತಿಕೊಳ್ಳುವ ಮಸೂದೆ ಪ್ಲೇಟಿನದಾಗಿರದೆ ಖಾತರಿ ನಿಧಿಯದಾಗಿರುತ್ತದೆ ಎಂಬ ಭರವಸೆ ನನಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾ ಉದ್ಯೋಗಿ, ಸೈಕಲ್ ತುಳಿಯುವವಳು